ಮೂಲಚಿತ್ರ, ಪ್ರಿಂಟು, ಫೈಲು: ಆನ್‌ಲೈನ್‌ನಲ್ಲಿ ಯಾವುದನ್ನ ಎಲ್ಲಿ ಮಾರೋದು?

ಮಸಿಕುಡಿಕೆ
ಎ4, ಎ3 ಅಳತೆಯ ಸುಮಾರು 40 ಜಲವರ್ಣ ಚಿತ್ರ ಮಾರಾಟಕ್ಕಿವೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಹತ್ತಿಯದು, ಯಾವುದಕ್ಕೂ ಫ್ರೇಮ್ ಹಾಕಿಲ್ಲ. ಎಟ್ಸಿಯಂಥ ಮಾರುಕಟ್ಟೆಯಲ್ಲಿ ಅಂಗಡಿ ತೆರೆಯೋದಾ, ರೆಡ್‌ಬಬಲ್‌ನಂಥ ಪ್ರಿಂಟ್ ಆನ್ ಡಿಮ್ಯಾಂಡ್‌ಗೆ (ಆರ್ಡರ್ ಬಂದಾಗ ಅಚ್ಚು ಹಾಕಿ ಕಳಿಸೋ ತಾಣ) ಫೈಲ್ ಕೊಟ್ಟು ಸುಮ್ಮನಿರೋದಾ, ಸ್ವಂತ ವೆಬ್‌ಸೈಟ್ ಮಾಡೋದಾ? ಕಮಿಷನ್ ಎಲ್ಲಿ ಕಡಿಮೆಯೋ ಅಲ್ಲಿಗೆ ಹೋಗೋಣ ಅಂತ ಮನಸ್ಸು. ಬಲ್ಲವರು ಹೇಳಿ. "ಕಲೆಗೆ ಬೆಲೆ ಕಟ್ಟಕ್ಕಾಗಲ್ಲ" ಅನ್ನೋರು ದಯವಿಟ್ಟು ಮುಂದೆ ಹೋಗಿ.

ಅಡ್ಡಮಾತು
ಕಲೆಗೆ ಬೆಲೆ ಕಟ್ಟಕ್ಕಾಗಲ್ಲ. ಪಾರ್ಸೆಲ್‌ಗೆ ಮಾತ್ರ ಕಟ್ಟಲೇಬೇಕು.

ಲೆಕ್ಕದಪುಸ್ತಕ
ಕಮಿಷನ್ ನೋಡಿ ಜಾಗ ಆರಿಸೋದು ತಲೆಕೆಳಗಾದ ಲೆಕ್ಕ. ಏನು ಮಾರ್ತೀರಿ ಅನ್ನೋದು ಮೊದಲು ತೀರ್ಮಾನ ಆಗ್ಲಿ. ಮೂಲಚಿತ್ರ ಇರೋದೇ ಒಂದು. ಮಾರಿದ್ರೆ ಮುಗೀತು, ಆದ್ದರಿಂದ ಕೊಳ್ಳುವವರ ನಂಬಿಕೆ ಮುಖ್ಯ. ಪ್ರಿಂಟಿಗೆ ಅಚ್ಚಿನ ಗುಣಮಟ್ಟ ಮತ್ತು ಸಾಗಣೆ ಮುಖ್ಯ. ಡೌನ್‌ಲೋಡ್ ಫೈಲಿಗೆ ಸಾಗಣೆಯೇ ಇಲ್ಲ, ಆದ್ರೆ ಹುಡುಕಾಟದಲ್ಲಿ ಕಾಣಿಸಲಿಲ್ಲ ಅಂದ್ರೆ ಅದು ಇದ್ದೂ ಇಲ್ಲದಂತೆ.

ಎಟ್ಸಿ ಲೆಕ್ಕ ಒಮ್ಮೆ ಬಿಡಿಸಿ ನೋಡಿ. ಚಿತ್ರಕ್ಕೆ 100 ಡಾಲರ್, ಸಾಗಣೆಗೆ 20 ಅಂತಿಟ್ಕೊಳ್ಳಿ. ಪಟ್ಟಿಗೆ ಹಾಕೋಕೆ 0.20, ಅದು 4 ತಿಂಗಳಿಗೆ. ವಹಿವಾಟು ಶುಲ್ಕ 6.5%. 2022ರ ಏಪ್ರಿಲ್‌ಗೆ ಮುಂಚೆ 5% ಇತ್ತು. ಇದು ಬರೀ 100ರ ಮೇಲಲ್ಲ, ಸಾಗಣೆ ಸೇರಿಸಿ 120ರ ಮೇಲೆ, ಅಂದ್ರೆ 7.80. ಹಣ ಪಾವತಿಯ ಶುಲ್ಕ ದೇಶದಿಂದ ದೇಶಕ್ಕೆ ಬೇರೆ, ಹತ್ತಿರ ಹತ್ತಿರ 4 ಅನ್ನಿ. ಒಟ್ಟು 12 ಹೋಯ್ತು. ಇಲ್ಲಿಗೆ ನಿಂತ್ರೆ ಪರವಾಗಿಲ್ಲ.

ನಿಲ್ಲಲ್ಲ. ಆಫ್‌ಸೈಟ್ ಆಡ್ಸ್ ಅಂತ ಒಂದಿದೆ. ಹೊರಗೆಲ್ಲೋ ಎಟ್ಸಿ ಹಾಕಿದ ಜಾಹೀರಾತು ಒತ್ತಿ ಬಂದವರು ಕೊಂಡ್ರೆ ಇನ್ನೂ 15%, ಅದೂ 120ರ ಮೇಲೆ, ಅಂದ್ರೆ 18. ಈಗ ಹೋದದ್ದು 30. ವರ್ಷದ ಮಾರಾಟ 10,000 ಡಾಲರ್ ಒಳಗಿದ್ರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನ ಆಫ್ ಮಾಡಬಹುದು. ದಾಟಿದ ಮೇಲೆ 12%ಗೆ ಇಳಿಯುತ್ತೆ, ಆದ್ರೆ ಬೇಡ ಅನ್ನೋ ಹಕ್ಕು ಹೋಗುತ್ತೆ. ಅಂಗಡಿ ತೆರೆದ ದಿನವೇ ಆ ಗುಂಡಿ ಎಲ್ಲಿದೆ ನೋಡ್ಕೊಳ್ಳಿ.

ಕುಂಚಕೋಲು
ಆಫ್ ಮಾಡಿ ಅಂತ ಎಲ್ಲರಿಗೂ ಒಂದೇ ಮಾತು ಹೇಳೋದು ಸರಿಯಲ್ಲ. ಡೌನ್‌ಲೋಡ್ ಫೈಲಿಗೆ 15% ಕೊಟ್ರೂ ಉಳಿದದ್ದು ಬಹುಪಾಲು ಲಾಭವೇ. ಫ್ರೇಮ್ ಹಾಕಿದ ಚಿತ್ರಕ್ಕೆ ಅದೇ 15% ಇದ್ದಬದ್ದ ಲಾಭವನ್ನೆಲ್ಲ ನುಂಗುತ್ತೆ. ಸರಕು ನೋಡಿ ತೀರ್ಮಾನಿಸಿ.

ಲೆಕ್ಕದಪುಸ್ತಕ
ಒಪ್ಪಿದೆ.

ಬಣ್ಣದತಟ್ಟೆ
ರೆಡ್‌ಬಬಲ್ ಹಾಕಿ ಸುಮ್ಮನಿರಿ ಗುರು. ಅಚ್ಚು, ಪ್ಯಾಕಿಂಗ್, ವಾಪಸಾತಿ ಎಲ್ಲ ಅವರ ತಲೆನೋವು. ಮಾರ್ಜಿನ್ 20% ಬರುತ್ತೆ.

ಲೆಕ್ಕದಪುಸ್ತಕ
20% ಯಾವುದರ ಮೇಲೆ ಅನ್ನೋದೂ ಹೇಳಿ. ಅದು ಅವರ ಮೂಲಬೆಲೆಯ ಮೇಲಿನ ಏರಿಕೆ. ಮೂಲಬೆಲೆ 100 ಇದ್ರೆ ಗ್ರಾಹಕ ಕೊಡೋದು 120, ನಿಮಗೆ ಸಿಗೋದು 20. ಮಾರಾಟ ಬೆಲೆಯಲ್ಲಿ ಅದು 16.7%. 2023ರಿಂದ ಖಾತೆಗಳನ್ನ ದರ್ಜೆವಾರು ಮಾಡಿ, ಕೆಳದರ್ಜೆಯವರ ಗಳಿಕೆಯಿಂದ ಖಾತೆ ಶುಲ್ಕ ಬೇರೆ ಮುರ್ಕೊಳ್ತಾರೆ. ಸ್ಟಿಕ್ಕರ್, ಚೀಲ, ಮಗ್‌ಗೆ ಹೊಂದೋ ಗಟ್ಟಿ ಗೆರೆಯ ಡಿಸೈನ್ ಇದ್ರೆ ಸರಿ. ತಿಳಿ ಜಲವರ್ಣವನ್ನ ಮಗ್ ಮೇಲೆ ಅಚ್ಚು ಹಾಕಿದ್ರೆ ಗ್ರಾಹಕರಿಗೆ ಅದು ಕಲೆಯಲ್ಲ, ಕಲೆ ಬಿದ್ದ ಮಗ್ಗು.

ಅಡ್ಡಮಾತು
ಕಲೆ ಬಿದ್ದ ಮಗ್ಗು 😂

ನೀಲಿಛಾಯೆ
ಎಲ್ಲಿ ಮಾರಿದ್ರೂ ಫೈಲ್ ಚೆನ್ನಾಗಿರಬೇಕಲ್ಲ, ಅದರ ಮಾತೇ ಯಾರೂ ಎತ್ತಲಿಲ್ಲ. ಎ4 ಚಿತ್ರವನ್ನ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಸುಮಾರು 4960 × 7016 ಪಿಕ್ಸೆಲ್ ಸಿಗುತ್ತೆ, ಅದರಿಂದ 300 ಡಿಪಿಐನಲ್ಲಿ ಎ2 ತನಕ ಅಚ್ಚು ತೆಗೀಬಹುದು. ಎ3 ಚಿತ್ರ ಎ4 ಸ್ಕ್ಯಾನರ್‌ನಲ್ಲಿ ಹಿಡಿಯಲ್ಲ. ಮೂರು ಸಲ ಸ್ಕ್ಯಾನ್ ಮಾಡಿ ಜೋಡಿಸಿ, ಅಕ್ಕಪಕ್ಕದ ಎರಡರಲ್ಲೂ ಕಾಲು ಭಾಗವಾದ್ರೂ ಒಂದರ ಮೇಲೊಂದು ಬರ್ಲಿ. ಪ್ರತಿ ಸಲ ಕಾಗದವನ್ನ ತಿರುಗಿಸದೆ ಅದೇ ದಿಕ್ಕಿನಲ್ಲೇ ಸರಿಸಿ. ಸ್ಕ್ಯಾನರ್ ದೀಪ ಒಂದೇ ಕಡೆಯಿಂದ ಬೀಳೋದ್ರಿಂದ ತಿರುಗಿಸಿದ್ರೆ ಕಾಗದದ ತರಿಯ ನೆರಳು ಒಂದು ಭಾಗದಲ್ಲಿ ಒಂದು ಕಡೆ, ಇನ್ನೊಂದು ಭಾಗದಲ್ಲಿ ಇನ್ನೊಂದು ಕಡೆ ಬಿದ್ದು ನಡುವೆ ಗೆರೆ ಕಾಣುತ್ತೆ.

ಆಟೋ ಎಕ್ಸ್‌ಪೋಶರ್ ಆಫ್ ಮಾಡಿ. ಅದಕ್ಕೆ ತಿಳಿ ವಾಶ್‌ಗೂ (ನೀರಾದ ಬಣ್ಣದ ತೆಳು ಪದರ) ಖಾಲಿ ಕಾಗದಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಎರಡನ್ನೂ ಬಿಳಿ ಮಾಡಿಬಿಡುತ್ತೆ. ತೆಳ್ಳನೆಯ ಅಗ್ಗದ ಸ್ಕ್ಯಾನರ್‌ಗಳಲ್ಲಿ ಸಿಐಎಸ್ ಸಂವೇದಕ ಇರುತ್ತೆ. ಗಾಜಿಗೆ ಅಂಟಿದ ಭಾಗ ಮಾತ್ರ ಸ್ಪಷ್ಟ, ನೀರು ಕುಡಿದು ಉಬ್ಬಿದ ಕಾಗದ ಮಸುಕು. ಸಿಸಿಡಿ ಇರೋದು ಇದನ್ನ ಸಹಿಸ್ಕೊಳ್ಳುತ್ತೆ.

ಬಣ್ಣದತಟ್ಟೆ
ಇಷ್ಟೆಲ್ಲಾ ಯಾಕೆ, ಈಗಿನ ಫೋನ್ ಸಾಕಲ್ವಾ?

ನೀಲಿಛಾಯೆ
12 ಮೆಗಾಪಿಕ್ಸೆಲ್ ಫೋನ್ ಕೊಡೋದು 4032 × 3024. 300 ಡಿಪಿಐ ಎ4ಗೆ ಬೇಕಾದ್ದು 3508 × 2480. ಅಂಚು ಕತ್ತರಿಸಿ, ವಾಲಿದ್ದನ್ನ ನೆಟ್ಟಗೆ ಮಾಡೋಷ್ಟರಲ್ಲಿ ಎ4ಗೂ ಸಾಲದೆ ಬರಬಹುದು. ಅಂಗಡಿಯಲ್ಲಿ ತೋರಿಸೋಕೆ ಧಾರಾಳ ಸಾಕು, ಪ್ರಿಂಟಿಗೆ ಬೇಡ.

ಕ್ಯಾಮೆರಾದಲ್ಲಿ ತೆಗೆಯೋರಿಗೆ: ಚಿತ್ರ ಗೋಡೆಗೆ, ಎರಡು ದೀಪ ಎರಡೂ ಬದಿಯಿಂದ 45 ಡಿಗ್ರಿಗೆ, ಎರಡೂ ಒಂದೇ ಥರದ ಬಲ್ಬು. ಕಿಟಕಿ ಬೆಳಕು ಒಂದು ಕಡೆ, ಬಲ್ಬು ಇನ್ನೊಂದು ಕಡೆ ಅಂತ ಬೆರೆಸಿದ್ರೆ ಯಾವ ತಿದ್ದುಪಡಿಗೂ ಬಗ್ಗಲ್ಲ. ಐಎಸ್‌ಒ 100, ಎಫ್/8, ಟ್ರೈಪಾಡ್, 2 ಸೆಕೆಂಡ್ ಟೈಮರ್. ಮೊದಲ ಫೋಟೋದಲ್ಲಿ ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿ, ಅದೇ ಸೆಟ್ಟಿಂಗ್‌ನಲ್ಲಿ ಉಳಿದ 39 ತೆಗೀರಿ.

ಗೆರೆಪಟ್ಟಿ
ಒಂದು ಮಾತು ಸೇರಿಸಿ: ಪ್ರಿಂಟ್‌ಗೆ ಕೊಡೋ ಮುಂಚೆ ಎಲ್ಲಾ ಫೈಲನ್ನೂ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಯ ಬಣ್ಣ ಪದ್ಧತಿ) ಬದಲಾಯಿಸಬೇಕು.

ನೀಲಿಛಾಯೆ
ಬೇಡ, ದಯವಿಟ್ಟು ಬೇಡ. ಆಫ್‌ಸೆಟ್‌ನಲ್ಲಿ ಕಾರ್ಡು, ಪುಸ್ತಕ ಮಾಡಿಸೋದಾದ್ರೆ ಸಿಎಂವೈಕೆ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚುವರಿ ಅಂಚು). ಜಿಕ್ಲೇ ಅಂತ ಕರೆಯೋ ಪಿಗ್ಮೆಂಟ್ ಇಂಕ್‌ಜೆಟ್‌ನಲ್ಲಿ ನಾಲ್ಕಲ್ಲ, 8ರಿಂದ 12 ಶಾಯಿ ಇರ್ತವೆ. ನೀವೇ ಸಿಎಂವೈಕೆ ಮಾಡಿಕೊಟ್ರೆ ಆ ಯಂತ್ರ ತೆಗೀಬಲ್ಲ ನೀಲಿ, ಹಸಿರುಗಳನ್ನ ಮೊದಲೇ ಕೊಂದು ಕೊಟ್ಟಂತೆ. ಆರ್‌ಜಿಬಿ (ಪರದೆಯ ಕೆಂಪು-ಹಸಿರು-ನೀಲಿ ಪದ್ಧತಿ) ಟಿಫ್ ಫೈಲ್ ಕೊಡಿ, ಬಣ್ಣದ ಪ್ರೊಫೈಲ್ ಫೈಲಿನೊಳಗೇ ಸೇರಿರಲಿ. ವೆಬ್‌ಗೆ ಹಾಕೋ ಪ್ರತಿ ಮಾತ್ರ ಎಸ್‌ಆರ್‌ಜಿಬಿ ಪ್ರೊಫೈಲ್‌ನಲ್ಲಿ.

ಗೆರೆಪಟ್ಟಿ
ಆಫ್‌ಸೆಟ್ ತಲೇಲಿತ್ತು. ತಿದ್ದಿಕೊಂಡೆ.

ಮಸಿಕುಡಿಕೆ
ವೆಬ್‌ಗೆ 72 ಡಿಪಿಐ ಹಾಕಿದ್ರೆ ಯಾರೂ ಕದ್ದು ಅಚ್ಚು ಹಾಕಕ್ಕಾಗಲ್ಲ ಅಂತಾರಲ್ಲ, ನಿಜವಾ?

ಗೆರೆಪಟ್ಟಿ
ಸುಳ್ಳು. ಡಿಪಿಐ ಅನ್ನೋದು ಫೈಲಿಗೆ ಅಂಟಿಸಿದ ಚೀಟಿ, ಅಷ್ಟೆ. 5000 ಪಿಕ್ಸೆಲ್ ಫೈಲಿಗೆ 72 ಅಂತ ಬರೆದ್ರೂ ಅದು 5000 ಪಿಕ್ಸೆಲ್ಲೇ. ಉದ್ದದ ಬದಿ 1500 ಪಿಕ್ಸೆಲ್‌ಗೆ ಇಳಿಸಿ ಹಾಕಿ. 300ರಲ್ಲಿ ಅಚ್ಚು ಹಾಕಿದ್ರೆ 12.7 ಸೆಂ.ಮೀ. ದಾಟಲ್ಲ. ಚಿತ್ರದ ನಟ್ಟನಡುವೆ ದೊಡ್ಡ ವಾಟರ್‌ಮಾರ್ಕ್ ಮಾತ್ರ ಬೇಡ. ಕದಿಯೋನಿಗಿಂತ ಮೊದಲು ಕೊಳ್ಳೋನೇ ಓಡಿಹೋಗ್ತಾನೆ.

ಕೃತಕ ಬುದ್ಧಿಮತ್ತೆಯ ತರಬೇತಿಗೆ ಚಿತ್ರ ಎತ್ತೋರ ಭಯ ಇದ್ರೆ ಶಿಕಾಗೋ ವಿಶ್ವವಿದ್ಯಾಲಯದವರು ಮಾಡಿದ ಗ್ಲೇಝ್, ನೈಟ್‌ಶೇಡ್ ಎಂಬ, ಚಿತ್ರಕ್ಕೆ ಸಣ್ಣ ತರಿ ಬೆರೆಸಿ ಆ ತರಬೇತಿ ಕೆಡಿಸೋ ಉಚಿತ ತಂತ್ರಾಂಶಗಳಿವೆ. ತಿಳಿ ಬಣ್ಣದ ಬಯಲು ಜಾಗದಲ್ಲಿ ಅದರ ತರಿ ಕಣ್ಣಿಗೆ ಕಾಣುತ್ತೆ, ಜಲವರ್ಣಕ್ಕೆ ಕಡಿಮೆ ತೀವ್ರತೆ ಇಡಿ. ಅದು ಪೂರಾ ಕವಚ ಅಲ್ಲ.

ರಟ್ಟಿನಪೆಟ್ಟಿಗೆ
ಎಲ್ಲಾ ಸರಿ, ಪ್ಯಾಕಿಂಗ್ ಯಾರು ಹೇಳ್ತೀರಿ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಫ್ರೇಮ್ ಇಲ್ಲದ ಜಲವರ್ಣಕ್ಕೆ ಹೀಗೆ. ಮೊದಲು ಗ್ಲಾಸೀನ್ (ನುಣುಪಾದ ಅರೆಪಾರದರ್ಶಕ) ಕಾಗದ, ಆಮೇಲೆ ಅಂಟಿಸಿ ಮುಚ್ಚೋ ಪಾರದರ್ಶಕ ಕವರ್. ಅಂಟಿನ ಪಟ್ಟಿ ಕವರಿನ ಹಿಂಬದಿಗಿರಲಿ, ಮುಚ್ಚಳಕ್ಕೆ ಅಂಟು ಇದ್ರೆ ಚಿತ್ರ ಹೊರಗೆ ಎಳೆಯುವಾಗ ಕಾಗದಕ್ಕೆ ಹಿಡಿಯುತ್ತೆ. ಎರಡು ಸುಕ್ಕುರಟ್ಟು ತಗೊಳ್ಳಿ, ಚಿತ್ರಕ್ಕಿಂತ ನಾಲ್ಕೂ ಕಡೆ 5 ಸೆಂ.ಮೀ. ದೊಡ್ಡದು. ಗುಟ್ಟು ಇಲ್ಲಿದೆ: ಒಂದು ರಟ್ಟಿನ ಒಳಗಿನ ಏಣುಗಳು ಉದ್ದಕ್ಕೆ, ಇನ್ನೊಂದರವು ಅಡ್ಡಕ್ಕೆ ಬರಬೇಕು. ರಟ್ಟು ಮಡಿಚೋದು ಏಣಿನ ಗುಂಟ. ಎರಡೂ ಒಂದೇ ದಿಕ್ಕಿಗಿದ್ರೆ ಜೋಡಿ ರಟ್ಟೂ ಒಟ್ಟಿಗೇ ಮಡಿಚಿಕೊಳ್ತವೆ, ಅಡ್ಡಡ್ಡ ಇದ್ರೆ ಒಂದು ಇನ್ನೊಂದನ್ನ ತಡೆಯುತ್ತೆ. ಕವರನ್ನ ಕೆಳಗಿನ ರಟ್ಟಿಗೆ ಕಾಗದದ ಮೂಲೆ ಮಾಡಿ ಕೂರಿಸಿ, ಟೇಪು ಕವರಿಗೆ ತಾಗದಿರಲಿ. ಮೇಲಿನ ರಟ್ಟು ಮುಚ್ಚಿ ನಾಲ್ಕೂ ಅಂಚಿಗೆ ಟೇಪು, ಒಂದು ಟೇಪಿನ ತುದಿ ಮಡಚಿ ಬಿಡಿ. ಬಿಚ್ಚೋರು ಚಾಕು ಹಾಕಿ ಚಿತ್ರ ಸೀಳೋದು ತಪ್ಪುತ್ತೆ.

ಬಬಲ್ ರ‍್ಯಾಪ್ ನೇರವಾಗಿ ಚಿತ್ರದ ಮೇಲೆ ಬೇಡ. ಅಕ್ರಿಲಿಕ್ ಮೇಲಂತೂ ಬಿಸಿಲಿನ ವಾಹನದಲ್ಲಿ ಗುಳ್ಳೆ ಗುರುತು ಅಚ್ಚಾಗುತ್ತೆ.

ಬಣ್ಣದತಟ್ಟೆ
ಟ್ಯೂಬ್‌ನಲ್ಲಿ ಸುತ್ತಿ ಕಳಿಸಿದ್ರೆ ಮುಗೀತಲ್ಲ?

ರಟ್ಟಿನಪೆಟ್ಟಿಗೆ
ಪ್ರಿಂಟಿಗೆ ಓಕೆ, ವ್ಯಾಸ 7.5 ಸೆಂ.ಮೀ.ಗಿಂತ ಕಡಿಮೆ ಬೇಡ. 300 ಜಿಎಸ್‌ಎಂ ಜಲವರ್ಣ ಕಾಗದ ಸುತ್ತಬೇಡಿ, ಎಳೆ ಮುರಿದ ಗೆರೆ ಮತ್ತೆ ಹೋಗಲ್ಲ. ಕ್ಯಾನ್ವಾಸ್ ಆದ್ರೆ ಬಣ್ಣದ ಮುಖ ಹೊರಕ್ಕೆ ಬರೋ ಹಾಗೆ ಸುತ್ತಿ. ಒಳಕ್ಕೆ ಸುತ್ತಿದ್ರೆ ಬಣ್ಣದ ಪದರ ಮುದುಡಿ ಸಿಡಿಯುತ್ತೆ.

ಇನ್ನು ಫ್ರೇಮ್ ಹಾಕಿ ಕಳಿಸೋ ಆಸೆ ಇರೋರಿಗೆ. ಬಹಳಷ್ಟು ಕೊರಿಯರ್‌ಗಳು ಗಾತ್ರತೂಕ ನೋಡ್ತವೆ: ಉದ್ದ × ಅಗಲ × ಎತ್ತರ ಸೆಂ.ಮೀ.ನಲ್ಲಿ, ಭಾಗಿಸು 5000. 60 × 45 × 10 ಪೆಟ್ಟಿಗೆ ಅಂದ್ರೆ 5.4 ಕೆಜಿ. ತಕ್ಕಡಿಯಲ್ಲಿ ಒಂದೂವರೆ ಕೆಜಿ ಇದ್ರೂ ದುಡ್ಡು 5.4ಕ್ಕೇ. ಅದೇ ಚಿತ್ರ ಚಪ್ಪಟೆ ಪ್ಯಾಕ್‌ನಲ್ಲಿ 60 × 45 × 2 ಅಂದ್ರೆ 1.08. ಗಾಜು ಒಡೆಯೋ ಗೋಳು ಬೇರೆ.

ಅಡ್ಡಮಾತು
ಅಂದ್ರೆ ಗಾಳಿಗೂ ದುಡ್ಡು.

ರಟ್ಟಿನಪೆಟ್ಟಿಗೆ
ಗಾಳಿಗೇ ಜಾಸ್ತಿ.

ಗೆರೆಪಟ್ಟಿ
ಹೊರದೇಶಕ್ಕೆ ಕಳಿಸೋರು ಸುಂಕದ ಫಾರಂ ಸರಿಯಾಗಿ ತುಂಬಿ. ಅಂಚೆಯಲ್ಲಿ 300 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ಮೌಲ್ಯದವರೆಗೆ ಸಿಎನ್22 ಫಾರಂ, ಮೇಲಕ್ಕೆ ಸಿಎನ್23. ಕೈಯಲ್ಲೇ ಬರೆದ ಚಿತ್ರದ ಎಚ್‌ಎಸ್ ಸಂಕೇತ (ಸುಂಕಕ್ಕೆ ಸರಕು ಗುರುತಿಸೋ ಸಂಖ್ಯೆ) 9701. ಇಂಕ್‌ಜೆಟ್ ಪ್ರಿಂಟ್ 4911. ಮೂಲ ಮುದ್ರಣ ಅಂತ 9702 ಹಾಕೋದು ತಪ್ಪು. ಅದು ಕಲಾವಿದರು ಕೈಯಲ್ಲೇ ಕೊರೆದ ತಗಡು, ಕಲ್ಲು, ಮರದ ಅಚ್ಚಿನಿಂದ ತೆಗೆದ ಪ್ರತಿಗೆ ಮಾತ್ರ. "ಉಡುಗೊರೆ" ಅಂತ ಬರೀಬೇಡಿ. ಮಾರಿದ್ದನ್ನ ಹಾಗೆ ಬರೆಯೋದು ಸುಳ್ಳು ಘೋಷಣೆ, ಪಾರ್ಸೆಲ್ ಕಳೆದ್ರೆ ವಿಮೆಯೂ ಕೈಬಿಡುತ್ತೆ.

ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಕೊಡ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಐರೋಪ್ಯ ಒಕ್ಕೂಟದಲ್ಲಿ 22 ಯೂರೋ ಒಳಗಿನ ವ್ಯಾಟ್ ವಿನಾಯಿತಿ 2021ರ ಜುಲೈನಲ್ಲೇ ಹೋಗಿದೆ. ತೆರಿಗೆ ಯಾರು ಕಟ್ತಾರೆ ಅನ್ನೋದನ್ನ ಪಟ್ಟಿಯಲ್ಲೇ ಬರೀರಿ. ಬಾಗಿಲಲ್ಲಿ ದುಡ್ಡು ಕೇಳಿದ್ರೆ ಅವರು ಪಾರ್ಸೆಲ್ ಬಿಡಿಸ್ಕೊಳ್ಳಲ್ಲ, ಅದು ವಾಪಸ್ ಬರೋ ಖರ್ಚೂ ನಿಮ್ಮದೇ.

ಮಸಿಕುಡಿಕೆ
ಇದನ್ನ ಓದಿ ಫೈಲ್ ಮಾರೋದೇ ಲೇಸು ಅನಿಸ್ತಿದೆ.

ಕುಂಚಕೋಲು
ಅದೂ ಬಿಟ್ಟಿ ಅಲ್ಲ. ಎಟ್ಸಿಯಲ್ಲಿ ಒಂದು ಪಟ್ಟಿಗೆ 5 ಫೈಲು, ಒಂದೊಂದು 20 ಎಂಬಿ ಒಳಗೆ. 300 ಡಿಪಿಐ ಎ3 ಟಿಫ್ ಕಂಪ್ರೆಸ್ ಮಾಡದೆ ಇಟ್ರೆ 52 ಎಂಬಿ, ಹಿಡಿಯಲ್ಲ. ಜೆಪೆಗ್ ಮಾಡಿ. ಐದು ಫೈಲಿಗೆ ಐದು ಅನುಪಾತ: 2:3, 3:4, 4:5, 11:14, ಮತ್ತು ಎ ಸರಣಿ. ಕೊಳ್ಳೋರ ಹತ್ತಿರ ಯಾವ ಫ್ರೇಮ್ ಇರುತ್ತೋ ಗೊತ್ತಿರಲ್ಲ, ಒಂದೇ ಅನುಪಾತ ಕೊಟ್ರೆ "ಕತ್ತರಿಸಿಹೋಯ್ತು" ಅನ್ನೋ ದೂರು ಗ್ಯಾರಂಟಿ. ಸಹಿಯನ್ನ ಅಂಚಿನಿಂದ ಒಳಕ್ಕೆ ತನ್ನಿ, 4:5ರಲ್ಲಿ ಮೊದಲು ಹೋಗೋದೇ ಅದು.

ಗಮ್‌ರೋಡ್‌ನಲ್ಲಿ ನಿಮ್ಮ ಕೊಂಡಿಯಿಂದ ಬಂದ ಮಾರಾಟಕ್ಕೆ 10% ಮತ್ತು 50 ಸೆಂಟ್, ಅವರ ಡಿಸ್ಕವರ್ ಪುಟದಿಂದ ಬಂದ್ರೆ 30%. ಕೋ-ಫೈ ಉಚಿತ ಖಾತೆಯಲ್ಲಿ ಅಂಗಡಿ ಮಾರಾಟಕ್ಕೆ 5%. ಒಂದು ಡಾಲರ್ ಫೈಲಿಗೆ 50 ಸೆಂಟ್ ಹೋದ್ರೆ ಏನು ಉಳೀತು? ಬಿಡಿ ಮಾರಬೇಡಿ, ಆರೋ ಹತ್ತೋ ಸೇರಿಸಿ ಕಟ್ಟು ಮಾಡಿ.

ಬಣ್ಣದತಟ್ಟೆ
ಎನ್‌ಎಫ್‌ಟಿ (ಡಿಜಿಟಲ್ ಚಿತ್ರಕ್ಕೆ ಬ್ಲಾಕ್‌ಚೈನ್‌ನಲ್ಲಿ ಒಡೆತನದ ಗುರುತು) ಮಾಡಿ ಅಂತ ಯಾರೂ ಹೇಳಲೇ ಇಲ್ವಲ್ಲ, ಕಾಲ ಬದಲಾಯ್ತು.

ನಿರ್ವಾಹಕ
ಆ ಚರ್ಚೆ ಇಲ್ಲಿ ಬೇಡ. ಹಿಂದೆ ಮೂರು ಎಳೆ ಬೀಗ ಹಾಕಿದ್ದಾಗಿದೆ.

ಗೆರೆಪಟ್ಟಿ
ಬೇಡ ಸರಿ, ಆದ್ರೆ ಅದೇ ಹೆಸರಲ್ಲಿ ಈಗಲೂ ಮೋಸದ ಸಂದೇಶ ಬರ್ತವೆ, ಅದನ್ನ ಹೇಳಲೇಬೇಕು. "ನಿಮ್ಮ ಹತ್ತು ಚಿತ್ರ ಕೊಳ್ತೀನಿ" ಅಂತಾರೆ, ತಮ್ಮ ತಾಣದಲ್ಲಿ ಖಾತೆ ತೆರೆಸಿ "ಗ್ಯಾಸ್ ಶುಲ್ಕ" (ಬ್ಲಾಕ್‌ಚೈನ್ ವಹಿವಾಟಿನ ಖರ್ಚು) ಅಂತ ಕಟ್ಟಿಸ್ತಾರೆ. ಇನ್ನೊಂದು ಹಳೇ ಪಾಠ: "ಹೆಂಡತಿ ನಿಮ್ಮ ಪುಟ ನೋಡ್ತಾ ಇದ್ಲು, ವಿವಾಹ ವಾರ್ಷಿಕೋತ್ಸವಕ್ಕೆ ಬೇಕು". ಚಿತ್ರದ ಹೆಸರು ಹೇಳಲ್ಲ, ಅಳತೆ ಕೇಳಲ್ಲ, ಚೌಕಾಸಿಯೂ ಇಲ್ಲ. ಬೆಲೆಗಿಂತ ಹೆಚ್ಚಿನ ಚೆಕ್ ಕಳಿಸಿ, ಮಿಕ್ಕಿದ್ದನ್ನ ತಮ್ಮ ಸಾಗಣೆದಾರನಿಗೆ ಕಳಿಸಿ ಅಂತಾರೆ. ಚೆಕ್ ಆಮೇಲೆ ಬೌನ್ಸ್, ನೀವು ಕಳಿಸಿದ್ದು ನಿಜವಾದ ದುಡ್ಡು. ಹೊಸ ಅಂಗಡಿ ತೆರೆದ ಮೊದಲ ವಾರದಲ್ಲಿ "ಖಾತೆ ದೃಢೀಕರಿಸಿ" ಅಂತ ಕ್ಯೂಆರ್ ಚಿತ್ರ ಬಂದ್ರೆ ಸ್ಕ್ಯಾನ್ ಮಾಡಬೇಡಿ, ಅಂಥದ್ದೇನೇ ಇದ್ರೂ ಖಾತೆಯ ಪುಟದೊಳಗೇ ಕಾಣುತ್ತೆ.

ಲೆಕ್ಕದಪುಸ್ತಕ
ಬೆಲೆ ಕಟ್ಟೋ ವಿಷಯ ಉಳೀತು. ವಿಸ್ತೀರ್ಣದ ಮೇಲೆ ದರ ಹಾಕಿದ್ರೆ ದೊಡ್ಡ ಚಿತ್ರ ಕೈಗೆಟುಕಲ್ಲ. 20 × 20 ಸೆಂ.ಮೀ. ಅಂದ್ರೆ 400 ಚದರ ಸೆಂ.ಮೀ., 80 × 80 ಅಂದ್ರೆ 6400. ಬೆಲೆ 16 ಪಟ್ಟು! ಉದ್ದ ಮತ್ತು ಅಗಲ ಕೂಡಿಸಿ ದರ ಹಾಕಿದ್ರೆ 40 ಮತ್ತು 160, ನಾಲ್ಕೇ ಪಟ್ಟು. ನಿಮ್ಮ ಎ4ಗೆ ಕೂಡಿಸಿದ ಅಳತೆ ಸುಮಾರು 51, ಎ3ಗೆ 72. ಒಂದು ದರ ಆರಿಸಿ ಎರಡಕ್ಕೂ ಗುಣಿಸಿ, ಇಷ್ಟದ ಚಿತ್ರ ಅಂತ ಒಂದಕ್ಕೆ ಏರಿಸೋದು ಬೇಡ. ಅಷ್ಟು ಇಷ್ಟ ಇದ್ರೆ ಮಾರಬೇಡಿ.

ಮುಂದೆ ಗ್ಯಾಲರಿಗೆ ಹೋಗೋ ಯೋಚನೆ ಇದ್ರೆ ಈಗಲೇ ಅದರ 40–50% ಕಮಿಷನ್ ಲೆಕ್ಕ ಇಟ್ಟು ದರ ಹಾಕಿ. ಗೋಡೆಯ ಮೇಲೊಂದು ಬೆಲೆ, ಆನ್‌ಲೈನ್‌ನಲ್ಲಿ ಅದರ ಅರ್ಧ ಇದ್ರೆ ಎರಡನೇ ಸಲ ಯಾವ ಗ್ಯಾಲರಿಯೂ ಕರೆಯಲ್ಲ.

ನೀಲಿಛಾಯೆ
ಪ್ರಿಂಟಿನ ಆವೃತ್ತಿ ಬಗ್ಗೆ: 50 ಪ್ರತಿ ಅಂತ ಘೋಷಿಸಿದ್ರೆ 50ಕ್ಕೇ ನಿಲ್ಲಿಸಿ. 7/50 ಅಂತ ಚಿತ್ರದ ಕೆಳಗೆ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ, ಎರಡೂ ಪೆನ್ಸಿಲ್‌ನಲ್ಲಿ. ಕಲಾವಿದರ ಪ್ರತಿ ಅಂತ ಹೆಚ್ಚಿಗೆ ತೆಗೆಯೋದು 10% ಒಳಗಿರ್ಲಿ. ಬೇರೆ ಅಳತೆಯಲ್ಲಿ ಮತ್ತೆ ತೆಗೆಯೋ ಮನಸ್ಸಿದ್ರೆ ಮೊದಲೇ ಹೇಳಿ. ಮೂಲಚಿತ್ರ ಮಾರಿದ್ರೂ ಬರೆದು ಕೊಡದ ಹೊರತು ಹಕ್ಕುಸ್ವಾಮ್ಯ ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯುತ್ತೆ, ಅದನ್ನೂ ರಸೀದಿಯಲ್ಲಿ ಒಂದು ಸಾಲು ಹಾಕಿ.

ಕುಂಚಕೋಲು
ಸ್ವಂತ ವೆಬ್‌ಸೈಟ್ ಬಗ್ಗೆ ಯಾರೂ ಮಾತಾಡಿಲ್ಲ. ಬಿಗ್ ಕಾರ್ಟೆಲ್‌ನಲ್ಲಿ 5 ವಸ್ತುಗಳವರೆಗೆ ಉಚಿತ. 40 ಚಿತ್ರ ಒಟ್ಟಿಗೆ ಹಾಕೋದೇ ತಪ್ಪು, ಐದೈದೇ ಬಿಡಿ. ತೊಂದರೆ ಒಂದೇ: ಅಂಗಡಿ ನಿಮ್ಮದು, ದಾರಿಹೋಕರಿಲ್ಲ. ಎಟ್ಸಿಯಲ್ಲಿ ದಾರಿಹೋಕರಿದ್ದಾರೆ, ಆದ್ರೆ ಗಿರಾಕಿ ನಿಮ್ಮವರಲ್ಲ, ಅವರ ಇಮೇಲ್‌ಗೆ ಪ್ರಚಾರ ಕಳಿಸೋ ಹಾಗಿಲ್ಲ. ಅದಕ್ಕೇ ಪ್ರತಿ ಪಾರ್ಸೆಲ್‌ನಲ್ಲೂ ನಿಮ್ಮ ಇಮೇಲ್ ಪತ್ರಪಟ್ಟಿಗೆ ತಾವಾಗಿ ಸೇರೋಕೆ ಒಂದು ಕಾರ್ಡು ಇಡಿ.

ಆ ಪತ್ರವನ್ನ ಜಿಮೇಲ್ ವಿಳಾಸದಿಂದ ಸುದ್ದಿಪತ್ರ ಸೇವೆಯ ಮೂಲಕ ಕಳಿಸಿದ್ರೆ ನೇರ ಸ್ಪ್ಯಾಮ್‌ಗೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಬಿಗಿ ಮಾಡಿವೆ. ಸ್ವಂತ ಡೊಮೇನ್ ತಗೊಂಡು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನೋ, ಪತ್ರ ನಿಮ್ಮದೇ ಅಂತ ತೋರಿಸೋ ಮೂರೂ ದಾಖಲೆ ಹಾಕಿ.

ಬಣ್ಣದತಟ್ಟೆ
ಇಮೇಲ್ ಯಾರು ಓದ್ತಾರೆ ಈಗ, ರೀಲ್ಸ್ ಮಾಡಿ.

ಕುಂಚಕೋಲು
ರೀಲ್ಸ್ ನೋಡೋರು ಸಾವಿರ, ಕೊಳ್ಳೋರು ಪಟ್ಟಿಯಲ್ಲಿರೋ ನಲವತ್ತು. ಎರಡೂ ಬೇಕು, ಮೊದಲನೆಯದು ಎರಡನೆಯದಕ್ಕೆ ಜನ ಕಳಿಸೋಕೆ.

ಮಸಿಕುಡಿಕೆ
ಸರಿ, ಹೀಗೆ ಮಾಡ್ತೀನಿ. ಎ4 ಮೂಲಚಿತ್ರ ಐದೈದು ಸ್ವಂತ ಅಂಗಡಿಯಲ್ಲಿ, ಫ್ರೇಮ್ ಇಲ್ಲದೆ, ಚಪ್ಪಟೆ ಪ್ಯಾಕ್. ಎಟ್ಸಿಯಲ್ಲಿ ಆರು ಚಿತ್ರದ ಪ್ರಿಂಟು ಮತ್ತು ಫೈಲ್ ಕಟ್ಟು. ರೆಡ್‌ಬಬಲ್ ಇಲ್ಲ. ಎಟ್ಸಿ ಟ್ಯಾಗ್‌ಗೆ ಏನು ಹಾಕ್ಲಿ? "ಕಲೆ", "ಸುಂದರ", "ಪ್ರಕೃತಿ" ಅಂತ ಇಟ್ಟಿದ್ದೆ.

ಗೆರೆಪಟ್ಟಿ
13 ಟ್ಯಾಗು, ಒಂದೊಂದಕ್ಕೆ 20 ಅಕ್ಷರ ಕೊಟ್ಟಿದ್ದಾರೆ, ಒಂದೊಂದು ಪದಕ್ಕೆ ದಂಡ ಮಾಡ್ಬೇಡಿ. "ಸುಂದರ" ಅಂತ ಹುಡುಕಿ ಯಾರೂ ಚಿತ್ರ ಕೊಳ್ಳಲ್ಲ. ವಿಷಯ, ಮಾಧ್ಯಮ, ಬಣ್ಣ, ಕೋಣೆ, ಅಳತೆ ಹೀಗೆ ಎರಡು ಮೂರು ಪದ ಜೋಡಿಸಿ: ಮಂಜಿನ ಬೆಟ್ಟದ ಜಲವರ್ಣ, ನೀಲಿ ಮಲಗುಕೋಣೆ ಚಿತ್ರ, ಎ3 ಗೋಡೆ ಪ್ರಿಂಟ್. ಗಿರಾಕಿ ಹುಡುಕೋ ಭಾಷೆಯಲ್ಲೇ ಹಾಕಿ.

ರಟ್ಟಿನಪೆಟ್ಟಿಗೆ
ಪಟ್ಟಿಗೆ ಹಾಕೋ ಮುಂಚೆ ಒಂದು ಖಾಲಿ ಕಾಗದ ಪ್ಯಾಕ್ ಮಾಡಿ ತೂಕ, ಅಳತೆ ಬರೆದಿಟ್ಕೊಳ್ಳಿ. ಆಮೇಲೆ ಸೊಂಟದ ಎತ್ತರದಿಂದ ನಾಲ್ಕೂ ಮೂಲೆ ಮೇಲೆ ಒಂದೊಂದು ಸಲ ಬೀಳಿಸಿ. ಕಾಗದದ ಮೂಲೆ ಮಡಚಿದ್ರೆ ರಟ್ಟು ಇನ್ನೂ 2 ಸೆಂ.ಮೀ. ದೊಡ್ಡದು ಮಾಡಿ.

ಮಸಿಕುಡಿಕೆ
ಬೀಳಿಸಿದೆ. ಎರಡು ಮೂಲೆ ಮಡಚಿದೆ. 7 ಸೆಂ.ಮೀ. ಬಿಟ್ಟು ಮತ್ತೆ ಕತ್ತರಿಸ್ತಿದ್ದೀನಿ.

ರಟ್ಟಿನಪೆಟ್ಟಿಗೆ
ಏಣು ಅಡ್ಡಡ್ಡ ಇಟ್ರಾ?

ಮಸಿಕುಡಿಕೆ
...ಇಲ್ಲ.